ಪ್ರಶ್ನೋತ್ತರ: ಈವೋ ಕಾಪ್ರಿನೋ ಅವರ ಬೊಂಬೆ ಚಿತ್ರಗಳು, ಮತ್ತು ಹುಳಿ ವಾಸನೆಯ ಮೂರು ಡಬ್ಬಿಗಳು

ನಿರ್ವಾಹಕರು: ನಾರ್ವೆಯ ಬೊಂಬೆ ಚಿತ್ರಗಳ ನಿರ್ದೇಶಕ ಈವೋ ಕಾಪ್ರಿನೋ (1920–2001) ಅವರ ಬದುಕು ಮತ್ತು ಕೆಲಸದ ಬಗ್ಗೆ ಇಂದು ಪ್ರಶ್ನೆಗಳನ್ನು ಕೇಳಬಹುದು. ಹಳೆಯ ಫಿಲ್ಮುಗಳ ಸಂರಕ್ಷಣೆಯನ್ನೇ ವೃತ್ತಿಯಾಗಿಸಿಕೊಂಡಿರುವ ನಮ್ಮ ಸದಸ್ಯೆಯೊಬ್ಬರು ಉತ್ತರಿಸಲು ಒಪ್ಪಿದ್ದಾರೆ. ದಯವಿಟ್ಟು ವಿಷಯ ಬಿಟ್ಟು ಹೋಗಬೇಡಿ.

ಮೈಸೂರಿನ ಸದಸ್ಯ: ನಮಸ್ಕಾರ ಮೇಡಂ. ಕಾಪ್ರಿನೋ ಎಂಬುದು ಇಟಲಿಯ ಹೆಸರಿನಂತಿದೆ. ಅವರು ಬೊಂಬೆಗಳ ಕಡೆಗೆ ಬಂದದ್ದು ಹೇಗೆ?

ಸಂರಕ್ಷಕಿ: ನಮಸ್ಕಾರ. ತಂದೆ ಮಾರಿಯೋ ಕಾಪ್ರಿನೋ ಇಟಲಿ ಮೂಲದವರು, ಪೀಠೋಪಕರಣ ತಯಾರಕರು. ತಾಯಿ ಇಂಗೆಬೋರ್ಗ್ ಗುಡೆ ಕಲಾವಿದೆ, ನಾರ್ವೆಯ ಹೆಸರಾಂತ ಚಿತ್ರಕಾರ ಹಾನ್ಸ್ ಗುಡೆ ಅವರ ಮನೆತನದವರು. ಬೊಂಬೆಯಾಟಕ್ಕೆಂದು ತಾಯಿ ಮಾಡಿಕೊಟ್ಟ ಬೊಂಬೆಗಳನ್ನು ನೋಡಿ, ಇವುಗಳನ್ನೇ ಕ್ಯಾಮೆರಾದ ಮುಂದೆ ನಿಲ್ಲಿಸಬಹುದಲ್ಲ ಎಂದು ಮಗನಿಗೆ ತೋಚಿತು. 1949ರಲ್ಲಿ ಎಂಟು ನಿಮಿಷದ ‘ಟಿಮ್ ಓ ಟೋಫೆ’ ಬಂತು. 1952ರಲ್ಲಿ ಪಿಟೀಲು ನುಡಿಸುವ ಹುಡುಗನ ಜನಪದ ಕಥೆ ‘ವೆಸ್ಲೆಫ್ರಿಕ್ ಮೆ ಫೇಲಾ’ ಬಂತು. 1955ರಲ್ಲಿ, ಹುಡುಗನೊಬ್ಬನ ಹಲ್ಲಿನೊಳಗೆ ಮನೆ ಮಾಡಿಕೊಂಡ ಇಬ್ಬರು ಕುಳ್ಳರ ಕಥೆ ‘ಕಾರಿಯುಸ್ ಓ ಬಾಕ್ಟುಸ್’. 1960ರ ದಶಕದ ನಡುವೆ ತೀರಿಕೊಳ್ಳುವವರೆಗೂ ಮಗನ ಚಿತ್ರಗಳಿಗೆ ಬೊಂಬೆ ಮಾಡಿದವರು ಆ ತಾಯಿಯೇ.

ಶಿವಮೊಗ್ಗದ ಸದಸ್ಯ: ಈ ಚಿತ್ರಗಳು ಉಚಿತವಾಗಿ ಎಲ್ಲಿ ಸಿಗುತ್ತವೆ? ಲಿಂಕ್ ಹಾಕಿ ಮೇಡಂ.

ಸಂರಕ್ಷಕಿ: ಲಿಂಕ್ ಹಾಕುವುದಿಲ್ಲ. ಹಕ್ಕುದಾರರು ಬಿಡುಗಡೆ ಮಾಡಿದ ಪ್ರತಿಗಳನ್ನು ಕೊಂಡು ನೋಡಿ.

ಓಸ್ಲೋದ ಸದಸ್ಯೆ: ಮೇಡಂ, ನಾನು ಕುಂದಾಪುರದವಳು, ಈಗ ಓಸ್ಲೋದಲ್ಲಿದ್ದೇನೆ. ಇಲ್ಲಿ ಶಾಲೆಯ ಬ್ಯಾಂಡಿನವರು ಹಳೆ ಸಾಮಾನುಗಳ ಸಂತೆ ನಡೆಸುತ್ತಾರೆ. ಅಲ್ಲಿ 16 ಮಿ.ಮೀ. ಫಿಲ್ಮಿನ ಮೂರು ತಗಡಿನ ಡಬ್ಬಿಗಳನ್ನು ಕೊಂಡೆ. ಎರಡರ ಮೇಲೆ ‘ವೆಸ್ಲೆಫ್ರಿಕ್’ ಎಂಬ ಚೀಟಿಯಿದೆ, ಮೂರನೆಯದರ ಮೇಲೆ ಏನೂ ಇಲ್ಲ. ಮುಚ್ಚಳ ತೆಗೆದರೆ ಉಪ್ಪಿನಕಾಯಿಗೆ ಹಾಕುವ ವಿನೆಗರಿನಂಥ ಘಾಟು ಮೂಗಿಗೆ ಹೊಡೆಯುತ್ತದೆ. ಚೀಟಿಯಿಲ್ಲದ ರೀಲಿನ ತುದಿಯನ್ನು ಕಿಟಕಿಗೆ ಹಿಡಿದಾಗ ಒಂದು ಪೊಟ್ಟಣದ ಪಕ್ಕದಲ್ಲಿ ನಿಂತ ಬೊಂಬೆ ಕಂಡಿತು, ಚಿತ್ರವೆಲ್ಲ ಗುಲಾಬಿ ಬಣ್ಣಕ್ಕೆ ತಿರುಗಿದೆ. ಪರಿಚಯದವರೊಬ್ಬರ ಬಳಿ ಪ್ರೊಜೆಕ್ಟರ್ ಇದೆ. ಭಾನುವಾರ ಮಕ್ಕಳಿಗೆ ತೋರಿಸೋಣವೇ?

ಸಂರಕ್ಷಕಿ: ಬೇಡ. ದಯವಿಟ್ಟು ಪ್ರೊಜೆಕ್ಟರಿಗೆ ಏರಿಸಬೇಡಿ.

ಆ ಘಾಟು ಅಸಿಟಿಕ್ ಆಮ್ಲದ್ದು. ಫಿಲ್ಮಿನ ಮೈ ಸೆಲ್ಯುಲೋಸ್ ಅಸಿಟೇಟಿನಿಂದ ಆಗಿದ್ದು, ತೇವ ಮತ್ತು ಶಾಖಕ್ಕೆ ಸಿಕ್ಕಿ ಅದು ಒಡೆಯತೊಡಗಿದಾಗ ಈ ಆಮ್ಲ ಹೊರಬರುತ್ತದೆ, ಹೊರಬಂದ ಆಮ್ಲವು ಇನ್ನಷ್ಟು ಒಡೆಯುವಿಕೆಗೆ ಇಂಬು ಕೊಡುತ್ತದೆ. ಹೀಗಾಗಿ ಒಮ್ಮೆ ಶುರುವಾದ ಮೇಲೆ ಇದು ವರ್ಷದಿಂದ ವರ್ಷಕ್ಕೆ ಚುರುಕಾಗುತ್ತದೆಯೇ ಹೊರತು ತಾನಾಗಿ ನಿಲ್ಲುವುದಿಲ್ಲ. ಇಂಥ ಫಿಲ್ಮು ಕುಗ್ಗಿರುತ್ತದೆ, ಸುರುಟಿರುತ್ತದೆ. ಅಂಚಿನ ತೂತುಗಳ ನಡುವಿನ ಅಂತರ ಪ್ರೊಜೆಕ್ಟರಿನ ಹಲ್ಲುಗಳಿಗೆ ಹೊಂದದೆ ರೀಲು ಉದ್ದಕ್ಕೂ ಹರಿದುಹೋಗಬಹುದು. ಗುಲಾಬಿ ಬಣ್ಣದ್ದು ಬೇರೆ ತೊಂದರೆ: ಆ ಕಾಲದ ಅನೇಕ ಬಣ್ಣದ ಪ್ರತಿಗಳಲ್ಲಿ ನೀಲಿ-ಹಸಿರು ವರ್ಣದ್ರವ್ಯ ಮೊದಲು ಮಾಸಿ ಕೆಂಪು ಛಾಯೆಯಷ್ಟೇ ಉಳಿಯುತ್ತದೆ. ಸ್ಕ್ಯಾನ್ ಮಾಡಿದ ಮೇಲೆ ಅದನ್ನು ಒಂದು ಮಟ್ಟಿಗೆ ಸರಿಪಡಿಸಬಹುದು, ಹರಿದ ಫಿಲ್ಮನ್ನಲ್ಲ.

ನನಗೆ ಹೆಚ್ಚು ಚಿಂತೆಯಿರುವುದು ಚೀಟಿಯಿಲ್ಲದ ರೀಲಿನ ಬಗ್ಗೆ. ‘ವೆಸ್ಲೆಫ್ರಿಕ್’ ಇಂದಿಗೂ ನಾರ್ವೆಯಲ್ಲಿ ಪ್ರದರ್ಶನ ಕಾಣುವ ಚಿತ್ರ, ನಿಮ್ಮ ಪ್ರತಿ ಹಾಳಾದರೂ ಕಥೆ ಉಳಿಯುತ್ತದೆ. ಆದರೆ ಕಾಪ್ರಿನೋ ಹತ್ತಾರು ಜಾಹೀರಾತು ಚಿತ್ರಗಳನ್ನು ಬೊಂಬೆಗಳಿಂದಲೇ ಮಾಡಿದ್ದಾರೆ. ಪೊಟ್ಟಣದ ಪಕ್ಕದಲ್ಲಿ ಬೊಂಬೆ ನಿಂತಿದೆ ಎಂದರೆ ಅದು ಅಂಥದ್ದೊಂದು ಇರಬಹುದು, ಬೇರೆ ಯಾರದೋ ಜಾಹೀರಾತೂ ಇರಬಹುದು. ಜಾಹೀರಾತು ಚಿತ್ರಗಳನ್ನು ಕೆಲಸ ಮುಗಿದ ಮೇಲೆ ಯಾರೂ ಜೋಪಾನ ಮಾಡುವುದಿಲ್ಲ, ಆದ್ದರಿಂದಲೇ ಇಂಥ ಬಿಡಿ ರೀಲು ಮುಖ್ಯವಾಗುತ್ತದೆ. ಈ ಮೂರನ್ನೂ ಮನೆಯ ಇತರ ಫಿಲ್ಮುಗಳಿಂದ ದೂರವಿಡಿ. ತಂಪಾದ, ಒಣಗಿದ, ಗಾಳಿಯಾಡುವ ಜಾಗ ಬೇಕು, ನೆಲಮಾಳಿಗೆಯ ತೇವ ಬೇಡ. ಮುಚ್ಚಳ ತೆಗೆಯುವಾಗ ಕಿಟಕಿ ತೆರೆದಿಟ್ಟು ಕೈಗವಸು ಹಾಕಿಕೊಳ್ಳಿ. ನಾಳೆಯೇ ನಾರ್ವೆಯ ರಾಷ್ಟ್ರೀಯ ಗ್ರಂಥಾಲಯಕ್ಕೆ ಬರೆಯಿರಿ. ಮೂ ಇ ರಾನಾ ಪಟ್ಟಣದಲ್ಲಿ ಬೆಟ್ಟ ಕೊರೆದು ಮಾಡಿದ ಅವರ ಭಂಡಾರವಿದೆ.

ಹುಬ್ಬಳ್ಳಿಯ ಸದಸ್ಯ: ಅಕ್ಕ, ಗಾಬರಿ ಬೇಡ. ನನಗೆ ವಾಟ್ಸಾಪಿನಲ್ಲಿ ಬಂದದ್ದು: ರೀಲನ್ನು ಎರಡು ತಾಸು ಬಿಸಿಲಿಗೆ ಹರಡಿ, ಕೊಬ್ಬರಿ ಎಣ್ಣೆ ಅದ್ದಿದ ಬಟ್ಟೆಯಿಂದ ಒರೆಸಿ, ಡಬ್ಬಿಯಲ್ಲಿ ಕರ್ಪೂರ ಇಟ್ಟರೆ ವಾಸನೆ ಪೂರ್ತಿ ಹೋಗುತ್ತದೆ.

ಸಂರಕ್ಷಕಿ: ಇದನ್ನು ಯಾರೂ ಮಾಡಬೇಡಿ. ಬಿಸಿಲಿನ ಶಾಖದಿಂದ ಆಮ್ಲ ಹೆಚ್ಚುತ್ತದೆ, ಎಣ್ಣೆಗೆ ಧೂಳು ಅಂಟುತ್ತದೆ, ಕರ್ಪೂರದಿಂದ ಘಾಟು ಮುಚ್ಚಿಹೋಗುತ್ತದೆಯೇ ಹೊರತು ರೋಗ ಹೋಗುವುದಿಲ್ಲ. ಘಾಟೇ ನಮಗಿರುವ ಎಚ್ಚರಿಕೆ.

ಧಾರವಾಡದ ಸದಸ್ಯ: ಕಾಪ್ರಿನೋ ಸ್ಟಾಪ್ ಮೋಷನ್ ಬಳಸಲೇ ಇಲ್ಲ, ಬೊಂಬೆಗಳು ಯಂತ್ರದಿಂದ ತಾವಾಗಿ ಆಡುತ್ತಿದ್ದವು ಎಂದು ಓದಿದ್ದೇನೆ. ನಿಜವೇ?

ಸಂರಕ್ಷಕಿ: ಅರ್ಧ ನಿಜ, ಆ ಅರ್ಧವೇ ಸ್ವಾರಸ್ಯದ್ದು. ಮೊದಲ ಚಿತ್ರಗಳಿಗೆ ಅವರು ತಾವೇ ಒಂದು ಸಾಧನ ಕಂಡುಹಿಡಿದರು. ಬೊಂಬೆಯ ಚಲನೆಯನ್ನು ಕ್ಯಾಮೆರಾ ಓಡುತ್ತಿರುವಾಗಲೇ ದೂರದಿಂದ ನಿಯಂತ್ರಿಸುವ ಯಾಂತ್ರಿಕ ವ್ಯವಸ್ಥೆ ಅದು. ಮುಂದೆ ಅನಿಮಟ್ರಾನಿಕ್ಸ್ ಎಂದು ಹೆಸರಾದದ್ದರ ಹಳೆಯ ರೂಪ ಎನ್ನಬಹುದು. ಪತ್ರಿಕೆಗಳೂ ಪ್ರೇಕ್ಷಕರೂ ಚಿತ್ರಕ್ಕಿಂತ ಹೆಚ್ಚಾಗಿ ಆ ಗುಟ್ಟಿನ ಬೆನ್ನು ಹತ್ತಿದರು. ಆಮೇಲೆ ಅವರು ಎಲ್ಲರೂ ಬಳಸುವ ಸ್ಟಾಪ್ ಮೋಷನ್ನಿಗೆ ಬಂದರು: ಬೊಂಬೆಯನ್ನು ಕೂದಲೆಳೆಯಷ್ಟು ಸರಿಸುವುದು, ಒಂದು ಚಿತ್ರ ತೆಗೆಯುವುದು, ಮತ್ತೆ ಸರಿಸುವುದು. ಆದರೆ ಹಾಗೆ ಬದಲಾದದ್ದನ್ನು ಬಿಟ್ಟುಕೊಡದೆ, ಮಾಯಾಯಂತ್ರ ಇನ್ನೂ ಇದೆಯೆಂಬ ಭಾವನೆಯನ್ನು ಉಳಿಸಿಕೊಂಡು ಬಂದರು. 1975ರ ‘ಫ್ಲೋಕ್ಲೀಪಾ ಗ್ರಾಂ ಪ್ರಿ’ ಪೂರ್ತಿ ಕೈಯಿಂದ ಸರಿಸಿ ತೆಗೆದ ಚಿತ್ರ. ಸೆಕೆಂಡಿಗೆ 24 ಫ್ರೇಮಿನಂತೆ ಅದರ 88 ನಿಮಿಷಕ್ಕೆ ಒಂದು ಲಕ್ಷ ಇಪ್ಪತ್ತಾರು ಸಾವಿರಕ್ಕೂ ಹೆಚ್ಚು ಫ್ರೇಮುಗಳಾಗುತ್ತವೆ.

ಬೆಂಗಳೂರಿನ ಸದಸ್ಯ: ಹಾಗಾದರೆ ಜನರಿಗೆ ಸುಳ್ಳು ಹೇಳಿದರು ಎಂದಾಯಿತು.

ಮಂಗಳೂರಿನ ಸದಸ್ಯೆ: ಸುಳ್ಳು ಎನ್ನುವುದು ದೊಡ್ಡ ಮಾತು ಸರ್. ತನ್ನ ಕಸುಬಿನ ಗುಟ್ಟನ್ನು ಕಾಪಾಡಿಕೊಳ್ಳುವುದು ಕಲಾವಿದನ ಹಕ್ಕು.

ಬೆಂಗಳೂರಿನ ಸದಸ್ಯ: ಗುಟ್ಟು ಕಾಪಾಡುವುದು ಬೇರೆ, ಇಲ್ಲದ ಯಂತ್ರವನ್ನು ಇದೆ ಎಂದು ನಂಬಿಸುವುದು ಬೇರೆ. ಯಂತ್ರಕ್ಕೆ ಹೆಸರು ಬಂದಷ್ಟೂ ರಾತ್ರಿಹಗಲು ಕೂತು ಬೊಂಬೆ ಮಾಡಿದ, ಬಟ್ಟೆ ಹೊಲಿದ ಹೆಂಗಸರ ಹೆಸರು ಮರೆಯಾಯಿತು. ಇದಕ್ಕೆ ಮೇಡಂ ಏನೆನ್ನುತ್ತಾರೆ?

ಸಂರಕ್ಷಕಿ: ಎರಡನೆಯ ಮಾತನ್ನು ನಾನು ಒಪ್ಪುತ್ತೇನೆ. ‘ಫ್ಲೋಕ್ಲೀಪಾ’ ಮೊದಲು ಶೆಲ್ ಔಕ್ರುಸ್ಟ್ ಅವರ ಪುಸ್ತಕಗಳ ಪಾತ್ರಗಳನ್ನಿಟ್ಟು 1970ರಲ್ಲಿ ಶುರುವಾದ 25 ನಿಮಿಷದ ಟಿವಿ ಕಾರ್ಯಕ್ರಮ. ಒಂದೂವರೆ ವರ್ಷ ದುಡಿದ ಮೇಲೆ ಅದು ಕೂಡಿಬರುತ್ತಿಲ್ಲ ಎಂದು ಕೈಬಿಟ್ಟು, ಕಟ್ಟಿದ್ದ ಬೊಂಬೆ ಮತ್ತು ಸೆಟ್ಟುಗಳನ್ನೇ ಬಳಸಿ ಪೂರ್ಣ ಚಿತ್ರಕ್ಕೆ ಕಥೆ ಬರೆದರು. ಕೆಲಸ ಮಾಡಿದವರು ಸುಮಾರು ಐದೇ ಜನ, ಹಿಡಿದದ್ದು ಮೂರೂವರೆ ವರ್ಷ. ಬೊಂಬೆಗಳನ್ನು ರೂಪಿಸಿದವರು ಇಂಗೆಬೋರ್ಗ್ ರೀಸೆರ್. ಉಡುಪು ಮತ್ತು ಸಣ್ಣಪುಟ್ಟ ಸಾಮಾನು ಗರ್ಡ್ ಆಲ್ಫ್ಸೆನ್ ಅವರದು. ಸೆಟ್ಟು, ಕಾರುಗಳು ಬ್ಯಾರ್ನೆ ಸಾಂಡೆಮೋಸೆ ಅವರದು. ಸೈಕಲ್ ರಿಪೇರಿಯ ಮುದುಕ ರೇಯುದೋರ್ ಮತ್ತು ಅಳುಬುರುಕ ಮುಳ್ಳುಹಂದಿ ಲುಡ್ವಿಗ್ ನಮ್ಮ ಮನಸ್ಸಿನಲ್ಲಿ ನಿಂತಿರುವುದು ಇವರೆಲ್ಲರ ಕೈಗಳಿಂದ. ಮೊದಲ ವರ್ಷವೇ ಸುಮಾರು ಹತ್ತು ಲಕ್ಷ ಟಿಕೆಟ್ ಹೋಯಿತು, ಆಗ ನಾರ್ವೆಯ ಜನಸಂಖ್ಯೆ ನಲವತ್ತು ಲಕ್ಷ. ಕಾಪ್ರಿನೋ ಅವರನ್ನು ಹೊಗಳುವವರು ಈ ಮೂರು ಹೆಸರುಗಳನ್ನೂ ಹೇಳಬೇಕು.

ದಾವಣಗೆರೆಯ ಸದಸ್ಯ: ತಂದೆಯ ಮರಗೆಲಸದ ಪ್ರಭಾವ ಮಗನ ಯಂತ್ರಗಳಲ್ಲಿ ಕಾಣುತ್ತದೆಯೇ ಮೇಡಂ?

ತುಮಕೂರಿನ ಸದಸ್ಯ: ಚಿತ್ರದಲ್ಲಿ ಬರುವ ದೊಡ್ಡ ರೇಸ್ ಕಾರು ‘ಇಲ್ ಟೆಂಪೋ ಜಿಗಾಂತೆ’ ನಿಜವಾಗಿಯೂ ಇದೆಯೇ?

ಸಂರಕ್ಷಕಿ: ಇದೆ. ಪೂರ್ಣ ಗಾತ್ರದ, ಓಡುವ ಕಾರನ್ನೇ ಕಟ್ಟಿದ್ದಾರೆ.

ಬೆಳಗಾವಿಯ ಸದಸ್ಯ: ಚಿತ್ರ ಎಲ್ಲಿ ಸಿಗುತ್ತದೆ?

ಸಂರಕ್ಷಕಿ: ಮೇಲೆ ಓದಿ.

ಮಂಗಳೂರಿನ ಸದಸ್ಯೆ: ಬೆಂಗಳೂರಿನವರಿಗೆ ಒಂದು ಮಾತು. ಜನಪದ ಕಥೆಗಳನ್ನು ಸಂಗ್ರಹಿಸಿದ ಅಸ್ಬ್ಯೋರ್ನ್‌ಸೆನ್ ಅವರ ಬಗ್ಗೆ ದೊಡ್ಡ ಚಿತ್ರ ಮಾಡಲು ಹೊರಟು, ಹಣ ಹೊಂದದೆ ಕಥೆಗಳನ್ನೇ ಬಿಡಿ ಬಿಡಿ ಕಿರುಚಿತ್ರಗಳಾಗಿ ಮುಗಿಸಿದ ಮನುಷ್ಯ ಇವರು. ಅಂಥವರು ಯಂತ್ರದ ಕುತೂಹಲವನ್ನು ಉಳಿಸಿಕೊಂಡದ್ದು ಸ್ಟುಡಿಯೋ ನಡೆಯಬೇಕಲ್ಲ ಎಂಬ ಕಾರಣಕ್ಕೂ ಇರಬಹುದು.

ಬೆಂಗಳೂರಿನ ಸದಸ್ಯ: ಹಣದ ಕಷ್ಟ ಇತ್ತು ಎಂದ ಮಾತ್ರಕ್ಕೆ ಎಲ್ಲವೂ ಸರಿಯಾಗಿಬಿಡುತ್ತದೆಯೇ? ನೀವು ಅಭಿಮಾನದಿಂದ ಮಾತನಾಡುತ್ತಿದ್ದೀರಿ.

ಮಂಗಳೂರಿನ ಸದಸ್ಯೆ: ನೀವು ಒಂದು ಚಿತ್ರವನ್ನೂ ನೋಡದೆ ಮಾತನಾಡುತ್ತಿದ್ದೀರಿ.

ಬೆಂಗಳೂರಿನ ಸದಸ್ಯ: ನಾನು ನೋಡಿದ್ದೇನೋ ಇಲ್ಲವೋ ನಿಮಗೇನು ಗೊತ್ತು? ಮಾತಿನ ಮೇಲೆ ಹಿಡಿತವಿರಲಿ.

ನಿರ್ವಾಹಕರು: ಇಬ್ಬರೂ ಇಲ್ಲಿಗೆ ನಿಲ್ಲಿಸಬೇಕು.

ಹುಬ್ಬಳ್ಳಿಯ ಸದಸ್ಯ: ಮೇಡಂ, ಇನ್ನೊಂದು ಬಂದಿದೆ. ಅಡುಗೆ ಸೋಡಾ ಆಮ್ಲವನ್ನು ಹೀರುತ್ತದೆ ಎನ್ನುತ್ತಾರೆ. ರೀಲಿನ ಮೇಲೆ ಉದುರಿಸಬಹುದೇ?

ಸಂರಕ್ಷಕಿ: ಉದುರಿಸಬಾರದು. ಪುಡಿ ಸುರುಳಿಯೊಳಗೆ ಸೇರಿ ಚಿತ್ರವನ್ನು ಗೀರುತ್ತದೆ. ಫಾರ್ವರ್ಡ್ ಬಂದ ಮದ್ದುಗಳನ್ನು ಇಲ್ಲಿ ಹಾಕುವುದನ್ನು ನಿಲ್ಲಿಸಿ ಎಂದು ಕಟ್ಟುನಿಟ್ಟಾಗಿ ಹೇಳುತ್ತಿದ್ದೇನೆ. ಯಾರೋ ನಂಬಿ ಮಾಡಿಬಿಟ್ಟರೆ ಹೋದ ಫಿಲ್ಮು ಮರಳಿ ಬರುವುದಿಲ್ಲ.

ಹುಬ್ಬಳ್ಳಿಯ ಸದಸ್ಯ: ಸಹಾಯ ಮಾಡಲು ಬಂದವರಿಗೆ ಇದು ಉತ್ತರವೇ?

ಓಸ್ಲೋದ ಸದಸ್ಯೆ: ಮೇಡಂ, ಗ್ರಂಥಾಲಯಕ್ಕೆ ಪತ್ರ ಬರೆದೆ. ಅವರ ಉತ್ತರ ಬರುವವರೆಗೆ ಫ್ರೀಜರಿನಲ್ಲಿ ಇಡಬಹುದೇ?

ಸಂರಕ್ಷಕಿ: ಇಡಬಹುದು, ತಣ್ಣಗಿದ್ದರೆ ಕೊಳೆಯುವಿಕೆ ಬಹಳ ನಿಧಾನವಾಗುತ್ತದೆ. ಆದರೆ ಡಬ್ಬಿಯನ್ನು ಹಾಗೆಯೇ ತುರುಕಬೇಡಿ. ಹಿಮ ಕಟ್ಟದ ಫ್ರೀಜರ್ ಆಗಿರಬೇಕು. ಪ್ರತಿ ಡಬ್ಬಿಯನ್ನೂ ಗಾಳಿಯಾಡದ ಎರಡು ಚೀಲಗಳಲ್ಲಿ ಒಂದರೊಳಗೊಂದು ಹಾಕಿ ಮುಚ್ಚಿ. ಹೊರತೆಗೆದಾಗ, ಫಿಲ್ಮು ಕೋಣೆಯ ಶಾಖಕ್ಕೆ ಪೂರ್ತಿ ಬರುವವರೆಗೆ ಚೀಲ ಬಿಚ್ಚಬೇಡಿ, ಬಿಚ್ಚಿದರೆ ಫಿಲ್ಮಿನ ಮೇಲೆ ನೀರು ಕೂರುತ್ತದೆ. ಒಳಗಿಡುವ ಮೊದಲು ಡಬ್ಬಿಗಳು, ಚೀಟಿಗಳು, ಚೀಟಿಯಿಲ್ಲದ ರೀಲಿನ ಅಂಚಿನಲ್ಲಿ ಅಚ್ಚಾಗಿರುವ ಸಣ್ಣ ಗುರುತುಗಳು, ಇವುಗಳ ಫೋಟೋ ತೆಗೆದು ಗ್ರಂಥಾಲಯಕ್ಕೆ ಕಳಿಸಿ. ಕಚ್ಚಾ ಫಿಲ್ಮು ತಯಾರಾದ ವರ್ಷವನ್ನು ಆ ಗುರುತುಗಳಿಂದ ಅವರು ಹಲವು ಸಲ ಪತ್ತೆ ಹಚ್ಚುತ್ತಾರೆ. ಪೊಟ್ಟಣದ ಮೇಲಿನ ಅಕ್ಷರ ಓದಲು ರೀಲನ್ನು ಇನ್ನಷ್ಟು ಬಿಚ್ಚಬೇಡಿ, ಆ ಕೆಲಸ ಅವರಿಗೆ ಬಿಡಿ.