ಪದಚರ್ಚೆ: ಊರವರಿಂದ ಕೇಳುವುದು ‘ನಿರ್ದೇಶ’ವೋ, ‘ಸಲಹೆ’ಯೋ, ‘ಅನಿಸಿಕೆ’ಯೋ?

ಬಳಗದ ಎಲ್ಲರಿಗೂ ಕಾಸರಗೋಡಿನಿಂದ ನಮಸ್ಕಾರ.

ಮೊದಲು ಈ ವಾಕ್ಯ ಓದಿ: “ನಗರದ ಕರಡು ಪದ್ಧತಿಯ ಕುರಿತು ನಿವಾಸಿಗಳು ತಮ್ಮ ನಿರ್ದೇಶಗಳನ್ನೂ ಆಕ್ಷೇಪಗಳನ್ನೂ ಸಮರ್ಪಿಸಬೇಕೆಂದು ಅಭ್ಯರ್ಥಿಸುತ್ತೇವೆ.”

ವಾಕ್ಯವನ್ನು ಮಾದರಿಗಾಗಿ ನಾನೇ ಜೋಡಿಸಿದ್ದು. ಆದರೆ ಈ ಜಾಡಿನ ಕನ್ನಡ ನಮ್ಮ ಕಡೆಯವರಿಗೆ ಹೊಸತಲ್ಲ. ಮಲಯಾಳದಲ್ಲಿ ಬರೆದದ್ದನ್ನು ಪದಕ್ಕೆ ಪದ ಇಟ್ಟು ಕನ್ನಡ ಮಾಡಿದರೆ ಹೀಗೆ ಆಗುತ್ತದೆ. ಮಲಯಾಳದಲ್ಲಿ ಪದ್ಧತಿ ಅಂದರೆ ಯೋಜನೆ, ನಮಗೆ ರೂಢಿ. ನಾವು ಸಮರ್ಪಿಸುವುದು ದೇವರಿಗೆ, ಕಚೇರಿಗೆ ಸಲ್ಲಿಸುವುದು. ಅಭ್ಯರ್ಥಿ ಅಂದ ಕೂಡಲೇ ನಮಗೆ ಓಟು ನೆನಪಾಗುತ್ತದೆ, ಅಲ್ಲಿ ‘ಅಭ್ಯರ್ಥಿಕ್ಕುನ್ನು’ ಅಂದರೆ ವಿನಂತಿಸುತ್ತೇವೆ ಅಂತಷ್ಟೆ. ‘ಸೇವನಂ’ ಅಂದರೆ ಸೇವೆ. ಅದನ್ನು ‘ಸೇವನೆ’ ಮಾಡಿಬಿಟ್ಟರೆ ಔಷಧಿಗೋ ಮದ್ಯಕ್ಕೋ ಹೋಗಿ ಮುಟ್ಟುತ್ತದೆ. ‘ವಿಕಸನಂ’ ಅಂದರೆ ಅಭಿವೃದ್ಧಿ. ‘ಕರಡು’ ಒಂದು ಮಾತ್ರ ಎರಡೂ ಕಡೆ ಒಂದೇ ಅರ್ಥಕ್ಕೆ ನಿಂತಿದೆ.

ಇವೆಲ್ಲ ಹೇಗೋ ತಿದ್ದಿಕೊಳ್ಳಬಹುದು. ನನ್ನ ಪ್ರಶ್ನೆ ಇರುವುದು ‘ನಿರ್ದೇಶ’ದ ಮೇಲೆ.

ನಮ್ಮ ವಾರ್ಡಿನಲ್ಲಿ ಕೆಲವರು ಸೇರಿ ಒಂದು ಪ್ರಶ್ನೆಪತ್ರ ತಯಾರು ಮಾಡುತ್ತಿದ್ದೇವೆ. ನೀರು, ದಾರಿದೀಪ, ಕಸ, ಬಸ್ಸು, ಮುಂದೆ ಬರುವ ಯೋಜನೆ, ಇವುಗಳ ಬಗ್ಗೆ ಮನೆಮನೆಯವರ ಮಾತನ್ನು ಒಟ್ಟು ಮಾಡಿ ವಾರ್ಡ್ ಸಭೆಗೆ ಕೊಡುವುದು ಉದ್ದೇಶ. ಮಲಯಾಳದ ಕಾಗದ ಬೇಗ ತಯಾರಾಯಿತು. ಅದರಲ್ಲಿ ಮುಖ್ಯ ಕಲಮಿನ ತಲೆಬರಹ ‘ನಿರ್ದೇಶಙಳ್’. ಮಲಯಾಳದಲ್ಲಿ ಈ ಪದಕ್ಕೆ ಆದೇಶ ಅಂತಲೂ ಆಗುತ್ತದೆ, ಸಲಹೆ ಅಂತಲೂ ಆಗುತ್ತದೆ. ಸಂದರ್ಭ ನೋಡಿ ಅವರಿಗೆ ಗೊತ್ತಾಗುತ್ತದೆ. ಕನ್ನಡದಲ್ಲಿ ನಿರ್ದೇಶ, ನಿರ್ದೇಶನ ಎರಡೂ ಮೇಲಿನಿಂದ ಕೆಳಗೆ ಬರುವಂಥವು.

ಕನ್ನಡದ ಮೊದಲ ಪ್ರತಿಯಲ್ಲಿ ಅದನ್ನು ಹಾಗೇ ಇಟ್ಟಿದ್ದರು. ಪಕ್ಕದ ಮನೆಯ ಅಕ್ಕನಿಗೆ ಓದಿ ಹೇಳಿದೆ. ಅವರು ಜಗಲಿಯಲ್ಲಿ ಬೀಡಿ ಕಟ್ಟುತ್ತಿದ್ದರು. ಕೈ ನಿಲ್ಲಿಸದೆ ಹೇಳಿದರು: “ನಿರ್ದೇಶ ಕೊಡ್ಲಿಕ್ಕೆ ನಾನೆಂತ ಕಲೆಕ್ಟರಾ? ಅವರು ಕೊಡುವುದು, ನಾವು ಕೇಳುವುದು.” ನಾನು ಕಾಗದ ಮಡಚಿಟ್ಟು, ಸರಿ ಅಕ್ಕ, ನಮ್ಮ ದಾರಿಗೆ ಎಂತ ಆಗಬೇಕು ಅಂತ ಸುಮ್ನೆ ಕೇಳಿದೆ. ಆಗ ಬಂತು ನೋಡಿ ಉತ್ತರ. ಹೆದ್ದಾರಿ ಅಗಲ ಆದ ಮೇಲೆ ತೋಡಿಗೆ ನೀರು ಇಳಿಯುವ ದಾರಿ ಯಾವ ಕಡೆ ಕಟ್ಟಿದೆ, ಮೋರಿ ಎಲ್ಲಿ ಹಾಕಬೇಕಿತ್ತು, ಶಾಲೆಯ ಮಕ್ಕಳು ರಸ್ತೆ ದಾಟಲಿಕ್ಕೆ ಎಷ್ಟು ಸುತ್ತು ಹಾಕಬೇಕು, ಮಳೆಗಾಲದಲ್ಲಿ ಆಟೋದವರು ಎಲ್ಲಿಯವರೆಗೆ ಬರುತ್ತಾರೆ, ಎಲ್ಲಿಂದ ಆಚೆ ಬರುವುದಿಲ್ಲ. ಒಬ್ಬ ಎಂಜಿನಿಯರು ಕೂತು ಬರೆದುಕೊಳ್ಳಬೇಕಾದ ಮಾತು. ಇಷ್ಟೆಲ್ಲ ಗೊತ್ತಿರುವವರು ಒಂದು ಪದದ ದೆಸೆಯಿಂದ ಕಾಗದವನ್ನು ಖಾಲಿ ಬಿಟ್ಟು ಕೊಡುತ್ತಿದ್ದರು. ನನಗೆ ಸಂಕಟ ಆದದ್ದು ಅದಕ್ಕೆ.

ಯಾಕೆ ಅಂದರೆ ಕೇರಳದಲ್ಲಿ ಜನರ ಮಾತಿಗೆ ಜಾಗ ಇಲ್ಲ ಅಂತ ಅಲ್ಲ. 1996ರಲ್ಲಿ ‘ಜನಕೀಯಾಸೂತ್ರಣಂ’, ಅಂದರೆ ಜನರೇ ಯೋಜನೆ ಮಾಡುವ ಕ್ರಮ, ಶುರುವಾದಾಗಿನಿಂದ ಸ್ಥಳೀಯ ಯೋಜನೆಗಳು ಗ್ರಾಮಸಭೆಯಲ್ಲಿ ಹುಟ್ಟಬೇಕು ಅನ್ನುವ ಕ್ರಮ ಇದೆ. 1994ರ ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಪಂಚಾಯತಿನ ಒಂದೊಂದು ವಾರ್ಡಿಗೂ ಒಂದೊಂದು ಗ್ರಾಮಸಭೆ. ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕು, ಮತದಾರರಲ್ಲಿ ನೂರಕ್ಕೆ 10 ಮಂದಿಯಾದರೂ ಇರಬೇಕು. ಸಣ್ಣ ನಗರಸಭೆಗಳಲ್ಲಿ ಅದಕ್ಕೆ ವಾರ್ಡ್ ಸಭೆ ಅಂತ ಹೆಸರು. ಬಾಗಿಲು ತೆರೆದೇ ಇದೆ. ಕನ್ನಡದವರಿಗೆ ಬಾಗಿಲಿನ ಮೇಲಿನ ಬರಹ ಅರ್ಥ ಆಗಬೇಕು, ಅಷ್ಟೆ.

ಹಾಗಾದರೆ ಯಾವ ಪದ?

ಕರ್ನಾಟಕದ ಸರಕಾರಿ ಪ್ರಕಟಣೆಗಳಲ್ಲಿ ‘ಆಕ್ಷೇಪಣೆ ಮತ್ತು ಸಲಹೆ’ ಅನ್ನುವ ಜೋಡಿ ಗಟ್ಟಿಯಾಗಿ ಕೂತಿದೆ. ಕರಡು ಯೋಜನೆಗೆ ಅದು ಸರಿ. ಆದರೆ ಸಲಹೆ ಅಂದರೂ ಸ್ವಲ್ಪ ತಿಳಿದವರು ಕೊಡುವುದು ಅನ್ನುವ ಭಾವ ನಮ್ಮ ಕಡೆ ಇದೆ. ಡಾಕ್ಟರು, ವಕೀಲರು, ಹಿರಿಯರು ಸಲಹೆ ಕೊಡುತ್ತಾರೆ. ‘ದೂರು’ ಅಂದರೆ ಜನ ಬೇಗ ಬರೆಯುತ್ತಾರೆ, ಆದರೆ ಕೆಟ್ಟುಹೋದದ್ದನ್ನು ಮಾತ್ರ. ಉರಿಯದ ದೀಪದ ಲೆಕ್ಕ ಸಿಗುತ್ತದೆ, ಮುಂದೆ ಏನಾಗಬೇಕು ಅನ್ನುವುದು ಸಿಗುವುದಿಲ್ಲ. ‘ಅಭಿಪ್ರಾಯ’ ಅಂತ ಬರೆದರೆ ಒಂದೇ ಮಾತಿನ ಉತ್ತರ: ಒಳ್ಳೆಯದು, ಪರವಾಗಿಲ್ಲ. ‘ಹಿಮ್ಮಾಹಿತಿ’ (ಫೀಡ್‌ಬ್ಯಾಕ್) ನನಗೆ ಬೇಡ. ಅದನ್ನು ಮನೆಮನೆಗೆ ಹೋಗಿ ಯಾರಿಗೆ ಅಂತ ವಿವರಿಸುವುದು?

‘ಅಹವಾಲು’ ಒಳ್ಳೆಯ ಪದ. ಅರಬ್ಬಿಯಲ್ಲಿ ‘ಹಾಲ್’ ಅಂದರೆ ಸ್ಥಿತಿ, ಅದರ ಬಹುವಚನದಿಂದ ಬಂದದ್ದು. ಮೂಲದಲ್ಲಿ ‘ಹೇಗಿದ್ದೀರಿ, ಏನು ಸ್ಥಿತಿ’ ಅನ್ನುವ ಅರ್ಥ. ಈಗ ಮಾತ್ರ ಅದು ಕೈಮುಗಿದು ನಿಲ್ಲುವವರ ಪದ ಆಗಿಬಿಟ್ಟಿದೆ. ‘ಮನವಿ’ಯೂ ಹಾಗೆಯೇ. ಯೋಜನೆಯ ಬಗ್ಗೆ ಮಾತಾಡುವುದು ಬೇಡಿಕೊಳ್ಳುವುದಲ್ಲ, ಅಲ್ವಾ?

ನನಗೆ ‘ಅನಿಸಿಕೆ’ ಇಷ್ಟ. ಅನ್ನಿಸಿದ್ದನ್ನು ಹೇಳುವುದಕ್ಕೆ ಓದು ಬೇಡ, ಪದವಿ ಬೇಡ. ಆದರೆ ಗೆಳೆಯರೊಬ್ಬರ ತಕರಾರು ಇದೆ. ಅನಿಸಿಕೆ ತೀರಾ ಹಗುರ, ಪುಸ್ತಕ ಬಿಡುಗಡೆಯಲ್ಲಿ ಹೇಳುವಂಥದ್ದು, ಕಚೇರಿಯವರು ಅದನ್ನು ಫೈಲಿಗೆ ಸೇರಿಸುವುದಿಲ್ಲ ಅನ್ನುತ್ತಾರೆ. ಆ ಮಾತನ್ನು ತಳ್ಳಿಹಾಕಲಿಕ್ಕೆ ಆಗುವುದಿಲ್ಲ. ಇಲ್ಲೇ ನಿಮ್ಮ ಸಹಾಯ ಬೇಕು.

ಇತರ ಗಡಿಗಳಲ್ಲೂ ಇದೇ ಕಷ್ಟ ಇರಬೇಕು. ಆಕ್ಷೇಪ ಮತ್ತು ಸಲಹೆಗೆ ಮರಾಠಿಯಲ್ಲಿ ‘ಹರಕತೀ ವ ಸೂಚನಾ’ ಅನ್ನುತ್ತಾರೆ. ಹರಕತ್ತು ಉತ್ತರ ಕರ್ನಾಟಕದವರಿಗೆ ಗೊತ್ತು, ‘ಏನೂ ಹರಕತ್ತಿಲ್ಲ’ ಅನ್ನುತ್ತಾರಲ್ಲ. ಆದರೆ ‘ಸೂಚನೆ’ ಕನ್ನಡಕ್ಕೆ ಬಂದರೆ ಮತ್ತೆ ಆದೇಶದ ಹತ್ತಿರವೇ ನಿಲ್ಲುತ್ತದೆ. ತೆಲುಗಿನಲ್ಲೂ ‘ಅಭ್ಯಂತರಾಲು, ಸೂಚನಲು’. ಅಕ್ಕಲಕೋಟೆ, ಜತ್ತ, ಮಡಕಶಿರಾ, ಆದೋನಿ ಕಡೆಯವರು ಈ ‘ಸೂಚನೆ’ಯನ್ನು ಹೇಗೆ ಓದಿಕೊಳ್ಳುತ್ತೀರಿ?

ತಮಿಳಿನದು ನನ್ನ ಮನಸ್ಸು ಹಿಡಿದಿದೆ: ‘ಕರುತ್ತು ಕೇಟ್ಪು ಕೂಟ್ಟಂ’. ಅಭಿಪ್ರಾಯ ಕೇಳುವ ಕೂಟ. ಕನ್ನಡದ ‘ಕೇಳು’ವಿಗೂ ತಮಿಳಿನ ಹಾಗೆ ಪ್ರಶ್ನೆ ಮಾಡು ಅಂತಲೂ ಅರ್ಥ, ಕಿವಿಗೊಡು ಅಂತಲೂ ಅರ್ಥ. ಕರ್ನಾಟಕದಲ್ಲಿ ಮಾಲಿನ್ಯ ನಿಯಂತ್ರಣ ಮಂಡಳಿಯವರು ‘ಸಾರ್ವಜನಿಕ ಆಲಿಕೆ ಸಭೆ’ ಅಂತ ಬರೆಯುತ್ತಾರೆ. ಆಲಿಕೆಯಲ್ಲಿ ಕಿವಿ ಮಾತ್ರ ಇದೆ, ಪ್ರಶ್ನೆ ಇಲ್ಲ. ‘ಊರವರ ಮಾತು ಕೇಳುವ ಸಭೆ’ ಅಂದರೆ ಎರಡೂ ಬಂತು. ತಾಳವಾಡಿ, ಹೊಸೂರಿನ ಕನ್ನಡದವರು ಈ ಕೂಟಕ್ಕೆ ಮಾತಿನಲ್ಲಿ ಏನನ್ನುತ್ತೀರಿ ಅಂತ ತಿಳಿಯುವ ಆಸೆ ಇದೆ.

ಇನ್ನೊಂದು ವಿಷಯ, ‘ಆಹ್ವಾನಿಸಲಾಗಿದೆ’. ನಮ್ಮ ಕಡೆ, ಮುಖ್ಯವಾಗಿ ಹವ್ಯಕರ ಮಾತಿನಲ್ಲಿ, ಮದುವೆಗೆ ಕರೆಯುವುದಕ್ಕೆ ‘ಹೇಳಿಕೆ’ ಅನ್ನುತ್ತಾರೆ. ಕಾಗದ ಬಂದರೆ ಸಾಲದು, ಮನೆಗೆ ಬಂದು ಬಾಯಿಯಲ್ಲಿ ಹೇಳಬೇಕು. ಹೇಳಿಕೆ ಇಲ್ಲದಲ್ಲಿಗೆ ಯಾರೂ ಹೋಗುವುದಿಲ್ಲ. ಗ್ರಾಮಸಭೆಗೂ ಜನ ಬರುವುದು ಮೆಂಬರೋ ಕುಟುಂಬಶ್ರೀ ಮಹಿಳಾ ಸಂಘದವರೋ ಮನೆಗೆ ಬಂದು ಹೇಳಿದಾಗಲೇ. ‘ಆಹ್ವಾನಿಸಲಾಗಿದೆ’ ಅನ್ನುವಲ್ಲಿ ಕರೆಯುವವರು ಯಾರು ಅಂತಲೇ ಇಲ್ಲ. ಹೇಳಿಕೆ ಅಂದರೆ ಉಳಿದ ಕರ್ನಾಟಕದಲ್ಲಿ ಪತ್ರಿಕಾ ಹೇಳಿಕೆ ಆಗುತ್ತದೆ, ಆದ್ದರಿಂದ ಅದನ್ನು ತಲೆಬರಹಕ್ಕೆ ಹಾಕಲು ಬರುವುದಿಲ್ಲ. ಆದರೂ ‘ನೀವು ಬನ್ನಿ, ನಿಮ್ಮ ಮಾತು ಹೇಳಿ, ನಾವು ಬರೆದುಕೊಳ್ಳುತ್ತೇವೆ’ ಅಂತ ಮುಖ ನೋಡಿ ಹೇಳುವ ಧಾಟಿ ಕಾಗದದಲ್ಲೂ ಬರಬೇಕು ಅಂತ ನನ್ನ ಹಟ. ‘ಸಲ್ಲಿಸತಕ್ಕದ್ದು’ ಅಂತೂ ಖಂಡಿತ ಬೇಡ.

ಉತ್ತರ ಕನ್ನಡದಲ್ಲೇ ಬರೆಯಬಹುದು ಅಂತ ದಪ್ಪ ಅಕ್ಷರದಲ್ಲಿ ಹಾಕುತ್ತೇವೆ. ಎಷ್ಟೋ ಮಂದಿ ಮಲಯಾಳ ಬರೆಯಲು ಬಾರದು ಅಂತ ಹಿಂದೆ ಸರಿಯುತ್ತಾರೆ. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯಲ್ಲಿ ಇಲ್ಲಿನ ಕನ್ನಡದವರು ಸರಕಾರದ ಜೊತೆ ಕನ್ನಡದಲ್ಲಿ ಪತ್ರ ವ್ಯವಹಾರ ಮಾಡಲು ಅವಕಾಶ ಇದೆ. ಸಂವಿಧಾನದ 350ನೇ ವಿಧಿಯೂ ಅಹವಾಲಿನ ವಿಷಯದಲ್ಲಿ ಅದನ್ನೇ ಹೇಳುತ್ತದೆ.

ಈಗ ನಮ್ಮ ಕರಡಿನಲ್ಲಿ ಇರುವುದು ಇಷ್ಟು. ತಲೆಬರಹ ‘ಊರಿನ ಯೋಜನೆ: ನಿಮ್ಮ ಮಾತು ಕೇಳುತ್ತೇವೆ’. ಒಳಗೆ ಮೂರು ಕಲಮು: ‘ಈಗ ಏನು ಸರಿಯಿಲ್ಲ’, ‘ಏನಾಗಬೇಕು’, ‘ಕರಡಿನಲ್ಲಿ ಯಾವುದು ಬೇಡ, ಯಾಕೆ’. ಎಲ್ಲಕ್ಕೂ ಸೇರಿ ಕಚೇರಿಯವರೂ ಒಪ್ಪುವ ಒಂದು ಹೆಸರುಪದ ಬೇಕು. ‘ಅನಿಸಿಕೆ’ ನಡೆಯುತ್ತದೆಯೇ, ‘ಸಲಹೆ’ಗೇ ಹೋಗಬೇಕೇ, ಬೇರೆ ಪದ ನಿಮ್ಮ ಊರಿನ ಬಳಕೆಯಲ್ಲಿ ಇದೆಯೇ? ‘ನಿವಾಸಿಗಳು’ ಅನ್ನುವುದಕ್ಕೆ ‘ಊರವರು’ ಅಂತ ಹಾಕಿದರೆ ಬಾಡಿಗೆ ಮನೆಯವರು ತಾವಲ್ಲ ಅಂದುಕೊಂಡಾರು ಅನ್ನುವ ಅಳುಕೂ ಇದೆ, ಅದಕ್ಕೂ ಏನಾದರೂ ಹೇಳಿ. ಪದದ ಜೊತೆ ನಿಮ್ಮ ಊರಿನ ನೋಟಿಸಿನ ಪೂರ್ತಿ ವಾಕ್ಯ ಬರೆದು ಕಳಿಸಿದರೆ ಇನ್ನೂ ಉಪಕಾರ. ಮುಂದಿನ ವಾರ್ಡ್ ಸಭೆಗೆ ಮೊದಲು ಇದು ಅಚ್ಚಿಗೆ ಹೋಗಬೇಕು.