ರೆಡ್ ಸ್ಟ್ರಿಂಗ್ಸ್ ಕ್ಲಬ್ ಆಡಿದವರಿಗೆ ಏನನ್ನಿಸಿತು?

ಪ್ರಶ್ನೆ: ಸ್ಪೇನ್‌ನ ಡಿಕನ್‌ಸ್ಟ್ರಕ್‌ಟೀಮ್ ಸ್ಟುಡಿಯೋ 2018ರಲ್ಲಿ ತಂದ ಈ ಸೈಬರ್‌ಪಂಕ್ (ಹೈಟೆಕ್ ಕರಾಳ ಭವಿಷ್ಯದ ಕಥೆಯ) ವಿಡಿಯೋ ಆಟವನ್ನು ನಿನ್ನೆ ರಾತ್ರಿ ಮುಗಿಸಿದೆ. ಪಿಕ್ಸೆಲ್ ಚಿತ್ರಗಳು ತುಂಬಾ ಇಷ್ಟವಾದವು. ಆದರೆ ನಾವು ಏನೇ ಆರಿಸಿದರೂ ಬ್ರ್ಯಾಂಡೈಸ್ ಎಂಬ ಹ್ಯಾಕರ್ ಕಟ್ಟಡದಿಂದ ಬೀಳುವುದು ತಪ್ಪುವುದಿಲ್ಲ, ಶುರುವಿನಲ್ಲೇ ಅದನ್ನು ತೋರಿಸಿಬಿಡುತ್ತಾರೆ. ಹಾಗಾದರೆ ಆಯ್ಕೆ ಕೊಟ್ಟಿದ್ದು ಸುಮ್ನೆನಾ?

ಉತ್ತರ 1: ಸುಮ್ನೆ ಅಲ್ಲ. ಬಾರ್‌ಗೆ ಬಂದವರ ಮೈಮೇಲೆ ಭಾವನೆಗಳ ಗುರುತು ಕಾಣುತ್ತದೆ ಅಲ್ವಾ, ಮದ್ಯ ಸುರಿದಂತೆ ಸರಿಯುವ ವೃತ್ತವನ್ನು ಅದರ ಮೇಲೆ ಕೂರಿಸಲು ಬಾರ್‌ಟೆಂಡರ್ ಡಾನವನ್ ಆಗಿ ಯಾವ ಬಾಟಲಿ ಎಷ್ಟು ಸುರಿಯಬೇಕು ಅಂತ ಯೋಚಿಸುವಾಗಲೇ ನಾವು ಒಬ್ಬರ ಮನಸ್ಸನ್ನು ತಿರುಚುತ್ತಿರುತ್ತೇವೆ. ಆಮೇಲೆ ಕಥೆಯಲ್ಲಿ ಜನರ ಸಿಟ್ಟು, ಖಿನ್ನತೆ ಅಳಿಸಲು ಹೊರಟ ಕಂಪನಿಯನ್ನು ಬೈಯುವುದು ಹೇಗೆ? ಆಟದ ಜೀವ ಇರುವುದು ಅಲ್ಲೇ.

ಉತ್ತರ 2: ಒಪ್ಪುತ್ತೇನೆ, ಆದರೆ ಸುರಿಯುವುದೇ ಕಷ್ಟ. ಮೌಸ್ ಸ್ವಲ್ಪ ಅಲುಗಿದರೂ ಜಾಸ್ತಿ ಬಿದ್ದು ಗ್ಲಾಸ್ ಹಾಳು. ಅಕಾರಾ ಎಂಬ ಆಂಡ್ರಾಯ್ಡ್ (ಮನುಷ್ಯರಂಥ ರೋಬೋಟ್) ಜನರ ಮೈಗೆ ಹಾಕುವ ಇಂಪ್ಲಾಂಟ್ ಕೆತ್ತುವ ಭಾಗ ಮೊದಲ ಸಲ ಚೆಂದ, ಆಮೇಲೆ ಎಳೆದಂತಾಯಿತು.

ಉತ್ತರ 3: ನನಗೆ ಫೋನ್ ಭಾಗವೇ ಎಲ್ಲಕ್ಕಿಂತ ಇಷ್ಟ. ಬೇರೆಯವರ ದನಿಯಲ್ಲಿ ಕರೆ ಮಾಡಿ, ಯಾರ ಹೆಸರು ಹೇಳಿದರೆ ಯಾರು ಬಾಯಿ ಬಿಡುತ್ತಾರೆ ಅಂತ ನಾವೇ ಹುಡುಕಬೇಕು. ಇಡೀ ಆಟ ಹಾಗೇ ಇರಬೇಕಿತ್ತು.