ಪೈಥಾನ್‌ನಲ್ಲಿ ಸೆನ್ಸರಿನ ನೇರ ಗ್ರಾಫ್ ಹಿಂದೆ ಬೀಳುತ್ತಿದೆ, ಸರಿಪಡಿಸುವುದು ಹೇಗೆ?

ಪ್ರಶ್ನೆ:
ನಮಸ್ಕಾರ. ತೋಟದ ಮಾನೋಬ್ಲಾಕ್ ಪಂಪಿನ ಕಂಪನವನ್ನು ಆಯಾ ಕ್ಷಣದಲ್ಲೇ ಲ್ಯಾಪ್‌ಟಾಪಿನಲ್ಲಿ ನೋಡಬೇಕೆಂದು, ಬೇರಿಂಗಿನ ಹತ್ತಿರ ವೇಗವರ್ಧನೆ ಅಳೆಯುವ ಎಂಪಿಯು-6050 ಸೆನ್ಸರನ್ನು ಬಿಗಿದು ಆರ್ಡುಯಿನೋ ಊನೋ ಎಂಬ ಸಣ್ಣ ನಿಯಂತ್ರಕ ಬೋರ್ಡಿಗೆ ಜೋಡಿಸಿದ್ದೇನೆ. ಅದು ಒಂದು ಅಕ್ಷದ 100 ರೀಡಿಂಗ್‌ಗಳನ್ನು ಪ್ರತಿ ಸೆಕೆಂಡಿಗೆ 115200 ಬಾಡ್ (ಸೆಕೆಂಡಿಗೆ ಇಷ್ಟು ಬಿಟ್) ವೇಗದಲ್ಲಿ ಕಳುಹಿಸುತ್ತದೆ. ಗ್ರಾಫ್ ಬರೆಯುವ ಲೈಬ್ರರಿ ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ ಚಿತ್ರವನ್ನು ಮತ್ತೆ ಮತ್ತೆ ಬರೆಯಿಸುವ ಫಂಕ್‌ಅನಿಮೇಶನ್ ಕರೆಯುವ ಫಂಕ್ಷನ್ನಿನಲ್ಲಿ, ಸೀರಿಯಲ್ ಪೋರ್ಟ್ ಓದುವ ಪೈಸೀರಿಯಲ್ ಮೂಲಕ ಒಂದು ಸಾಲು ಓದಿ, ಲಿಸ್ಟಿಗೆ ಸೇರಿಸಿ, ಹಳೆಯ ಗ್ರಾಫ್ ಅಳಿಸಿ ಹೊಸದನ್ನು ಬರೆಯಿಸುತ್ತಿದ್ದೇನೆ. ಆರಂಭದಲ್ಲಿ ಸರಿಯಿದ್ದರೂ, ಸ್ವಲ್ಪ ಹೊತ್ತಿನ ನಂತರ ಪಂಪ್ ನಿಲ್ಲಿಸಿದ ಮೇಲೂ ಗ್ರಾಫಿನ ಗೆರೆ ಹಲವು ಸೆಕೆಂಡುಗಳ ಕಾಲ ಅಲುಗಾಡುತ್ತಲೇ ಇರುತ್ತದೆ. ಎರಡು ಚಿತ್ರಗಳ ನಡುವಿನ ಇಂಟರ್ವಲ್ ಅನ್ನು 50ರಿಂದ 10 ಮಿಲಿಸೆಕೆಂಡಿಗೆ ಇಳಿಸಿದರೂ ಪ್ರಯೋಜನವಾಗಲಿಲ್ಲ.

ಮೊದಲ ಉತ್ತರ:
ಸೆಕೆಂಡಿಗೆ 100 ಸಾಲು ಬರುತ್ತಿರುವಾಗ, ಚಿತ್ರವೊಂದಕ್ಕೆ ಒಂದೇ ಸಾಲು ಓದಿದರೆ ಉಳಿದ ಸಾಲುಗಳು ಸೀರಿಯಲ್ ಬಫರಿನಲ್ಲಿ (ಬಂದ ಡೇಟಾ ಕಾಯುವ ತಾತ್ಕಾಲಿಕ ಜಾಗ) ಸರದಿ ನಿಲ್ಲುತ್ತವೆ. ಪಂಪ್ ನಿಂತ ಮೇಲೂ ನೀವು ನೋಡುತ್ತಿರುವುದು ಆ ಸರದಿಯನ್ನೇ. ಅಕ್ಷ, ಅಂಕಿ, ಗೆರೆ ಎಲ್ಲವನ್ನೂ ಪ್ರತಿ ಬಾರಿ ಹೊಸದಾಗಿ ಬರೆಯಲು ಮ್ಯಾಟ್‌ಪ್ಲಾಟ್‌ಲಿಬ್‌ಗೆ 10 ಮಿಲಿಸೆಕೆಂಡ್ ಸಾಲುವುದಿಲ್ಲವಾದ್ದರಿಂದ, ಇಂಟರ್ವಲ್ ಇಳಿಸಿ ಫಲವಿಲ್ಲ. ಓದುವ ಕೆಲಸವನ್ನು ಬರೆಯುವ ಕೆಲಸದಿಂದ ಬೇರ್ಪಡಿಸಿ. ಪ್ರತ್ಯೇಕ ಥ್ರೆಡ್ (ಜೊತೆಜೊತೆಗೆ ಓಡುವ ಪ್ರೋಗ್ರಾಮಿನ ಭಾಗ) ಒಂದು ಬಂದ ಸಾಲನ್ನೆಲ್ಲ ಓದಿ, ಮ್ಯಾಕ್ಸ್‌ಲೆನ್ 1000 ಎಂದು ಕೊಟ್ಟ ಡೆಕ್‌ಗೆ (ಮಿತಿ ತುಂಬಿದಾಗ ಹಳೆಯದನ್ನು ಬಿಡುವ ಲಿಸ್ಟ್) ಹಾಕುತ್ತಿರಲಿ. ಹತ್ತು ಸೆಕೆಂಡಿಗಿಂತ ಹಳೆಯ ರೀಡಿಂಗ್‌ಗಳು ತಾವಾಗಿಯೇ ಬಿದ್ದುಹೋಗುತ್ತವೆ. ಗೆರೆಯನ್ನು ಒಮ್ಮೆ ಮಾತ್ರ ರಚಿಸಿ, ಬಳಿಕ ಸೆಟ್_ಡೇಟಾ ಮೂಲಕ ಅದರ ಬಿಂದುಗಳನ್ನಷ್ಟೇ ಬದಲಿಸಿ. ಎರಡು ಥ್ರೆಡ್‌ಗಳು ಒಂದೇ ಡೆಕ್ ಮುಟ್ಟುವುದರಿಂದ ಲಾಕ್ (ಒಮ್ಮೆಗೆ ಒಂದೇ ಥ್ರೆಡ್ ಮುಟ್ಟುವಂತೆ ತಡೆ) ಇಟ್ಟು, ಬರೆಯಲು ಅದರ ನಕಲು ತೆಗೆದುಕೊಳ್ಳಿ.

ಬದಲಾದ ಭಾಗವನ್ನಷ್ಟೇ ಮತ್ತೆ ಬರೆಯುವ ಬ್ಲಿಟ್ ಬಳಸಿದರೆ ವೇಗ ಇನ್ನೂ ಹೆಚ್ಚುತ್ತದೆ, ಆದರೆ ಆಗ ಅಕ್ಷದ ಅಂಕಿಗಳು ಬದಲಾಗುವುದಿಲ್ಲ. ಹಾಗಾಗಿ ಗಡಿಯಾರದ ಸಮಯದ ಬದಲು "ಈಗಿನಿಂದ ಎಷ್ಟು ಸೆಕೆಂಡ್ ಹಿಂದೆ" ಎಂದು -10ರಿಂದ 0ವರೆಗಿನ ಸ್ಥಿರ ಅಕ್ಷವನ್ನು ಇಡುವುದು ನನ್ನ ದೃಷ್ಟಿಯಲ್ಲಿ ಅತ್ಯುತ್ತಮ. ಫಂಕ್‌ಅನಿಮೇಶನ್ ಹಿಂದಿರುಗಿಸುವ ಆಬ್ಜೆಕ್ಟನ್ನು ಒಂದು ವೇರಿಯಬಲ್‌ನಲ್ಲಿ ಹಿಡಿದಿಡಿ, ಇಲ್ಲವಾದರೆ ಪೈಥಾನ್ ಅದನ್ನು ತೆಗೆದುಹಾಕಿ ಗ್ರಾಫ್ ನಿಂತುಬಿಡುತ್ತದೆ.

ಪ್ರಶ್ನೆ ಕೇಳಿದವರು:
ಧನ್ಯವಾದಗಳು ಸರ್, ಈಗ ಪಂಪ್ ನಿಂತ ಕೂಡಲೇ ಗೆರೆಯೂ ನಿಲ್ಲುತ್ತಿದೆ. ಆದರೆ ಪಂಪ್ ಒಂದೇ ಸಮನೆ ಓಡುವಾಗಲೂ ಕಂಪನ ಸೆಕೆಂಡಿಗೆ ಸುಮಾರು ನಾಲ್ಕು ಬಾರಿ ಉಬ್ಬಿ ತಗ್ಗುವಂತೆ ಕಾಣುತ್ತದೆ. ಬೇರಿಂಗ್ ಸಡಿಲವಾಗಿರಬಹುದೇ?

ಎರಡನೆಯ ಉತ್ತರ:
ಬೇರಿಂಗ್ ಬಿಚ್ಚಿಸುವ ಮುನ್ನ ಮೋಟರಿನ ಫಲಕದಲ್ಲಿ ಆರ್‌ಪಿಎಂ ಎಷ್ಟೆಂದು ದಯವಿಟ್ಟು ನೋಡಿ. ಅದು 2880 ಆಗಿದ್ದರೆ ಮೋಟರ್ ಸೆಕೆಂಡಿಗೆ 48 ಸುತ್ತು ತಿರುಗುತ್ತದೆ. ಸೆಕೆಂಡಿಗೆ 100 ರೀಡಿಂಗ್ ತೆಗೆದುಕೊಂಡರೆ 50 ಹರ್ಟ್ಸ್‌ವರೆಗಿನ ಕಂಪನವನ್ನು ಮಾತ್ರ ಗುರುತಿಸಬಹುದು. 48 ಹರ್ಟ್ಸ್ ಆ ಗಡಿಗೆ ತೀರ ಹತ್ತಿರವಿರುವುದರಿಂದ, ಪ್ರತಿ ಸುತ್ತಿಗೆ ಎರಡೇ ಚುಕ್ಕೆ ಸಿಗುತ್ತವೆ. ಆ ಚುಕ್ಕೆಗಳು ಕೆಲವೊಮ್ಮೆ ಅಲೆಯ ತುದಿಯಲ್ಲೂ ಕೆಲವೊಮ್ಮೆ ನಡುವಿನಲ್ಲೂ ಬೀಳುವುದರಿಂದ, ಸಮನಾದ ಕಂಪನವೂ ಸರಿಯಾಗಿ ನಾಲ್ಕು ಬಾರಿ ಉಬ್ಬಿದಂತೆ ತೋರುತ್ತದೆ. ಮೋಟರಿನಲ್ಲಿ ದೋಷವೇ ಇಲ್ಲವೆಂದು ನಾನು ಹೇಳುತ್ತಿಲ್ಲ, ಈ ಗ್ರಾಫಿನಿಂದ ಅದನ್ನು ತೀರ್ಮಾನಿಸಲಾಗದು ಎಂದಷ್ಟೇ ಹೇಳುತ್ತಿದ್ದೇನೆ.

ಈ ಸೆನ್ಸರ್ ವೇಗವರ್ಧನೆಯ ರೀಡಿಂಗನ್ನು ಸೆಕೆಂಡಿಗೆ 1000 ಬಾರಿ ಕೊಡಬಲ್ಲದು. ನೀವು 500 ತೆಗೆದುಕೊಳ್ಳಿ, ಡೆಕ್‌ನ ಮಿತಿಯನ್ನು 5000ಕ್ಕೆ ಏರಿಸಿ. ಯುಎಸ್‌ಬಿಯಲ್ಲಿ ರೀಡಿಂಗ್‌ಗಳು ಗುಂಪಾಗಿ ಬರುವುದರಿಂದ ಪೈಥಾನ್ ಓದಿದ ಸಮಯವನ್ನು ನೆಚ್ಚಬೇಡಿ, ಆರ್ಡುಯಿನೋದ ಮೈಕ್ರೋಸ್ ಮೌಲ್ಯವನ್ನೂ (ಅದು ಆನ್ ಆದಾಗಿನಿಂದ ಕಳೆದ ಮೈಕ್ರೋಸೆಕೆಂಡುಗಳು) ಪ್ರತಿ ಸಾಲಿನಲ್ಲಿ ಕಳುಹಿಸಿ. ಆಗ ಸಾಲಿಗೆ ಹೆಚ್ಚೆಂದರೆ 19 ಬೈಟ್‌ನಂತೆ ಸೆಕೆಂಡಿಗೆ 9,500 ಬೈಟ್ ಆಗುತ್ತದೆ. 115200 ಬಾಡ್‌ನ ಮಿತಿ ಸೆಕೆಂಡಿಗೆ 11,520 ಬೈಟ್ ಆಗಿರುವುದರಿಂದ ಒಂದು ಅಕ್ಷಕ್ಕೆ ಸಾಕು, ಮೂರು ಅಕ್ಷ ಬೇಕಾದರೆ ಬಾಡ್ ಏರಿಸಬೇಕು. ಮೈಕ್ರೋಸ್ ಸುಮಾರು 70 ನಿಮಿಷಕ್ಕೊಮ್ಮೆ ಸೊನ್ನೆಗೆ ಮರಳುತ್ತದೆ. ಹೊಸ ಮೌಲ್ಯ ಹಿಂದಿನದಕ್ಕಿಂತ ಕಡಿಮೆಯಾದಾಗ 4,29,49,67,296 ಕೂಡಿಸುವಂತೆ ಬರೆದುಕೊಳ್ಳಿ.